ಗಡೀಪಾರಾದವರ ಹೆಸರಿನ ಪ್ರಶಸ್ತಿ

ಪತ್ರಕರ್ತರಿಗೆ ಸನ್ಮಾನ ಅಂದ ಕೂಡಲೇ ಶಾಲು, ಹಾರ, ಹಣ್ಣಿನ ಬುಟ್ಟಿ ಕಣ್ಮುಂದೆ ಬರುತ್ತೆ. ‘ದೇಶ ದೇಶಗಳ ಬಾಂಧವ್ಯ ಬೆಸೆದವರು’ ಅಂತ ಹೊಗಳೋದೂ ಉಂಟು. ಬೆಸೆದದ್ದು ಹೇಗೆ? ಅದನ್ನ ಯಾರೂ ಕೇಳೋದಿಲ್ಲ. ಇವತ್ತು ಕೇಳೋಣ.

ಕೇರಳ ಸರ್ಕಾರ ಹಿರಿಯ ಪತ್ರಕರ್ತರಿಗೆ ಸ್ವದೇಶಾಭಿಮಾನಿ–ಕೇಸರಿ ಪುರಸ್ಕಾರ ಕೊಡುತ್ತದೆ. ಅದರಲ್ಲಿ ಇಬ್ಬರ ಹೆಸರಿದೆ. ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆಯವರು ತಿರುವಾಂಕೂರಿನ ದಿವಾನರನ್ನು ಟೀಕಿಸಿ 1910ರಲ್ಲಿ ಆ ಸಂಸ್ಥಾನದಿಂದಲೇ ಗಡೀಪಾರಾದವರು. ಪ್ರೆಸ್ಸೂ ಜಪ್ತಿಯಾಯಿತು. ಎರಡೇ ವರ್ಷಕ್ಕೆ ಅವರು ಮಲಯಾಳಂನಲ್ಲಿ ಕಾರ್ಲ್ ಮಾರ್ಕ್ಸ್ ಜೀವನಚರಿತ್ರೆ ತಂದರು. ರಷ್ಯಾದ ಕ್ರಾಂತಿಗೆ ಇನ್ನೂ ಐದು ವರ್ಷ ಇತ್ತು, ನೋಡಿ! ಇನ್ನೊಬ್ಬರು ಕೇಸರಿ ಬಾಲಕೃಷ್ಣ ಪಿಳ್ಳೆ. ತಿರುವನಂತಪುರದಲ್ಲಿ ಪತ್ರಿಕೆ ನಡೆಸಿದರು, ಅದು ನಿಂತ ಮೇಲೆ ಕೊಚ್ಚಿ ಹತ್ತಿರದ ಪರವೂರಿನಲ್ಲಿ ನೆಲೆಸಿದರು. ಮೊಪಾಸಾ, ಇಬ್ಸೆನ್ ಮಲಯಾಳಿಗಳ ಮನೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು.

ಈ ಪ್ರಶಸ್ತಿ ಪಡೆದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದ ಟಿ.ಜೆ.ಎಸ್. ಜಾರ್ಜ್. 1928ರಲ್ಲಿ ಕೇರಳದಲ್ಲಿ ಹುಟ್ಟಿ, ಮುಂಬೈಯ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕೆಲಸ ಕಲಿತವರು. 1965ರಲ್ಲಿ ಪಟ್ನಾದ ‘ಸರ್ಚ್‌ಲೈಟ್’ ಸಂಪಾದಕರಾಗಿದ್ದಾಗ ದೇಶದ್ರೋಹದ ಆರೋಪ ಹೊರಿಸಿ ಜೈಲಿಗೆ ಹಾಕಿದರು. ಅವರ ಪರ ವಾದಿಸೋಕೆ ಬಂದವರು ಸಾಕ್ಷಾತ್ ವಿ.ಕೆ. ಕೃಷ್ಣ ಮೆನನ್! ಆಮೇಲೆ ಹಾಂಗ್‌ಕಾಂಗ್. ಅಲ್ಲಿ 1975ರಲ್ಲಿ ‘ಏಷ್ಯಾವೀಕ್’ ವಾರಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾದರು. ಏಷ್ಯಾದ ಸುದ್ದಿಯನ್ನು ಏಷ್ಯಾದವರ ಕಣ್ಣಿನಿಂದಲೇ ಹೇಳಬೇಕು ಅನ್ನೋದು ಅದರ ಹಟ. ಅಲ್ಲಿಯವರೆಗೆ ನಮ್ಮ ಪಕ್ಕದ ದೇಶದ ವಿಷಯವೂ ನಮಗೆ ಲಂಡನ್ನು, ನ್ಯೂಯಾರ್ಕ್ ಸುತ್ತಿ ಬರ್ತಿತ್ತಲ್ಲ! ನನ್ನ ಲೆಕ್ಕದಲ್ಲಿ ಬಾಂಧವ್ಯ ಬೆಸೆಯೋದು ಅಂದ್ರೆ ಇದು. ರಾಯಭಾರ ಕಚೇರಿಯ ಔತಣಕ್ಕೆ ಹೋಗಿ ಒಳ್ಳೆ ಮಾತು ಬರೆಯೋದಲ್ಲ. ಸಿಂಗಪುರದ ಲೀ ಕ್ವಾನ್ ಯೂ ಬಗ್ಗೆ ಜಾರ್ಜ್ ಪುಸ್ತಕವನ್ನೇ ಬರೆದರು, ಅದು ಸ್ತುತಿಯಲ್ಲ.

ಜೈಲಿಗೆ ಹೋಗಿ ಬಂದ ಇದೇ ಮನುಷ್ಯನಿಗೆ 2011ರಲ್ಲಿ ಪದ್ಮಭೂಷಣ ಬಂತು. ಅವರ ಬರಹ ಮೆತ್ತಗಾಯಿತಾ? ಇಲ್ಲ. ಇಂಗ್ಲಿಷ್ ಪತ್ರಿಕೆಯ ತಮ್ಮ ವಾರದ ಅಂಕಣದಲ್ಲಿ ಯಾವ ಪಕ್ಷವನ್ನೂ ಬಿಡದೆ ಕುಟುಕುತ್ತಾ ಇದ್ದರು. 2022ರಲ್ಲಿ ತಾವಾಗಿಯೇ ಅಂಕಣ ನಿಲ್ಲಿಸಿದರು, 2025ರ ಅಕ್ಟೋಬರ್ 3ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಬೆಂಗಳೂರಿನ ಬಗ್ಗೆ ಅವರದೊಂದು ಸಣ್ಣ ಪುಸ್ತಕವಿದೆ, ಹೆಸರು ‘ಆಸ್ಕ್ಯೂ’. ಸಿಕ್ಕರೆ ಓದಿ.