ಇನ್ನೂ ಎಷ್ಟು ವರ್ಷ ಓದೋದು?



ನಮ್ಮ ಸದಸ್ಯರೊಬ್ಬರ ಮಗಳು ಬಿ.ಇ. ಮುಗಿಸಿ, "ಎಂ.ಟೆಕ್ ಮಾಡ್ತೀನಿ, ಆಮೇಲೆ ಸಂಶೋಧನೆ" ಅಂತಾಳೆ. ಮನೇಲಿ "ಇನ್ನೂ ಎಷ್ಟು ವರ್ಷ?" ಅಂತ ಕೇಳ್ತಾರೆ. ಸಾಲ ಮಾಡಿ ಓದಿಸಿದವರು ಕೇಳೋದು ತಪ್ಪಲ್ಲ. ಆದರೂ ಕಾರ್ತಿಕ್ ಚಂದ್ರನ್ ಎಂಬ ಪರಿಸರ ಇಂಜಿನಿಯರರ ವಿಷಯ ಹೇಳಬೇಕು.

ಅವರು 1995ರಲ್ಲಿ ರೂರ್ಕಿಯಲ್ಲಿ ಪದವಿ ಮುಗಿಸಿದರು. 1999ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. 2001ರಿಂದ 2004ರವರೆಗೆ ನ್ಯೂಯಾರ್ಕಿನ ಖಾಸಗಿ ಕಂಪನಿಯಲ್ಲಿ ನೌಕರಿ. ಅದನ್ನು ಬಿಟ್ಟು ಮತ್ತೆ ವಿಶ್ವವಿದ್ಯಾನಿಲಯಕ್ಕೆ, ಅದೂ ಸಂಶೋಧನಾ ಸಹವರ್ತಿಯಾಗಿ! ನಮ್ಮೂರಲ್ಲಾಗಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದೆವು. 2005ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಸಂಶೋಧನೆ ಯಾವುದರ ಮೇಲೆ? ಚರಂಡಿ ನೀರಿನ ಮೇಲೆ. ನಾವು ಸೊಸೈಟಿಯಲ್ಲಿ ದುಡ್ಡು ಕೊಟ್ಟು ತರೋ ಯೂರಿಯಾದಲ್ಲಿರುವ ಸಾರಜನಕವೇ ಪಟ್ಟಣದ ಕೊಳಚೆಯಲ್ಲೂ ಇದೆ. ಕೆರೆಗೆ ಬಿಟ್ಟರೆ ಪಾಚಿ ಕಟ್ಟಿ ಮೀನು ಸಾಯುತ್ತವೆ. ಇವರು ಸೂಕ್ಷ್ಮಜೀವಿಗಳಿಂದ ಕೆಲಸ ಮಾಡಿಸಿ, ಅದೇ ಕೊಳಚೆಯಿಂದ ಗೊಬ್ಬರ, ಇಂಧನ ತೆಗೆಯೋ ದಾರಿ ಹುಡುಕಿದರು. ಆಫ್ರಿಕಾದ ಘಾನಾದಲ್ಲಿ ಮಲದಿಂದ ಬಯೋಡೀಸೆಲ್ ಮಾಡುವ ಪ್ರಯೋಗವನ್ನೂ ನಡೆಸಿದರು. 2015ರಲ್ಲಿ ಮ್ಯಾಕಾರ್ಥರ್ ಫೆಲೋಶಿಪ್ ಬಂತು. ರೂರ್ಕಿ ಬಿಟ್ಟು ಅಷ್ಟೊತ್ತಿಗೆ 20 ವರ್ಷ.

ಆ ಹೆಣ್ಣುಮಗಳ ತಂದೆ ಈ ಸಭೆಯಲ್ಲೇ ಕೂತಿದ್ದಾರೆ. ಯಜಮಾನ್ರೇ, ಸಾಲದ ಅರ್ಜಿ ಮುಂದಿನ ಮೀಟಿಂಗಿಗೆ ಬರಲಿ. ನಾವು ನಿರ್ದೇಶಕರು ಕೂತು ನೋಡ್ತೀವಿ.