ಗಾಳದ ಜೊತೆಗೊಂದು ಲೆಕ್ಕದ ಪುಸ್ತಕ



ತಿಪಟೂರಿನಲ್ಲಿ ನಾಲ್ಕು ಜನ ಸೇರಿದರೆ ಮಾತು ಉಂಡೆ ಕೊಬ್ಬರಿಯ ಬೆಲೆಗೆ ಬಂದು ನಿಲ್ಲುತ್ತದೆ. ಎಪಿಎಂಸಿ ಹರಾಜು, ಬೆಂಬಲ ಬೆಲೆ, ನುಸಿ, ಕಪ್ಪುತಲೆ ಹುಳು ಎಲ್ಲ ಮುಗಿಯುವಷ್ಟರಲ್ಲಿ ಸಭೆಯೂ ಮುಗಿದಿರುತ್ತದೆ. ಮೂರು ತಾಲ್ಲೂಕುಗಳ ಗಾಳಗಾರರ ಇಂದಿನ ಸಭೆ ತೋಟದ ಬದು ದಾಟಿ ಕೆರೆಗೆ ಇಳಿದಿದೆ. ಹಾಗೆಂದು ವಿಷಯವೇನೂ ಬದಲಾಗಿಲ್ಲ. ಕೆರೆ ತುಂಬಿದರೆ ಬೋರ್‌ವೆಲ್‌ನಲ್ಲಿ ನೀರು. ಬೋರ್‌ವೆಲ್‌ನಲ್ಲಿ ನೀರಿದ್ದರೆ ತೆಂಗಿನಲ್ಲಿ ಹೊಂಬಾಳೆ. ಆ ಕೆರೆಯ ದಡದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವನು ಗಾಳಗಾರ. ಕೂತು ಅವನು ಏನು ನೋಡುತ್ತಾನೆ, ನೋಡಿದ್ದನ್ನು ಏನು ಮಾಡುತ್ತಾನೆ ಎಂಬುದೇ ಈ ಭಾಷಣದ ವಿಷಯ.

ಮೊದಲು ಈ ಸೀಮೆಯ ನೀರಿನ ಹಾದಿ. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಯ ನೀರು ಬಾಗೂರು-ನವಿಲೆ ಸುರಂಗ ಹಾದು ತುಮಕೂರು ಜಿಲ್ಲೆಗೆ ಬರುತ್ತದೆ. ತಿಪಟೂರಿಗೆ ಕುಡಿಯುವ ನೀರು ಕೊಡುವ ಈಚನೂರು ಕೆರೆ, ತುರುವೇಕೆರೆಯ ಮಲ್ಲಾಘಟ್ಟ ಕೆರೆ ಇವೆಲ್ಲ ಆ ನಾಲೆಯನ್ನು ನೆಚ್ಚಿಕೊಂಡವು. ತುರುವೇಕೆರೆ ಕಡೆಯ ಹಳ್ಳಗಳು ಶಿಂಷಾ ಸೇರಿ, ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ ಹೋಗುತ್ತವೆ. ಚಿಕ್ಕನಾಯಕನಹಳ್ಳಿಯ ದಿಕ್ಕು ಬೇರೆ. ಬೋರನಕಣಿವೆಯಲ್ಲಿ ಕಟ್ಟೆ ಹಾಕಿ ನಿಲ್ಲಿಸಿದ ಸುವರ್ಣಮುಖಿ ಉತ್ತರಕ್ಕೆ ಹರಿದು ವೇದಾವತಿಯನ್ನು ಕೂಡಿ, ಕಡೆಗೆ ಕೃಷ್ಣೆಯ ಪಾಲಾಗುತ್ತದೆ.

ಅಂದರೆ ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ಗಾಳ ಹಾಕುವ ಇಬ್ಬರು ಎರಡು ಬೇರೆ ನದಿಗಳ ನೀರಿಗೆ ಹಾಕುತ್ತಿರುತ್ತಾರೆ. ಒಂದು ಕೆರೆಗೆ ಬಿಟ್ಟ ಮೀನು ಆ ಕೆರೆಯಲ್ಲೇ ಉಳಿಯುತ್ತದೆಂದು ಯಾರೂ ಹೇಳುವಂತಿಲ್ಲ. ಕೋಡಿ ಬಿದ್ದ ದಿನ ಅದು ಹೊರಟೇ ಹೋಗುತ್ತದೆ.

ಇನ್ನು ಗಾಳಗಾರನ ವಿಚಾರ. ಬಿದಿರಿನ ಕಡ್ಡಿಗೆ ನೈಲಾನ್ ದಾರ ಕಟ್ಟಿ, ಜೋಳದ ದಂಟಿನ ಬೆಂಡು ಸಿಕ್ಕಿಸಿ, ಎರೆಹುಳ ಚುಚ್ಚಿ ಕೂರುವ ಅಜ್ಜ ಇದ್ದಾನೆ. ಕಾರ್ಬನ್ ರಾಡು, ಸ್ಪಿನ್ನಿಂಗ್ ರೀಲು ಹಿಡಿದು ಬೈಕಿನಲ್ಲಿ ಬರುವ ಹುಡುಗರೂ ಇದ್ದಾರೆ. ಒಬ್ಬರು ರಾಗಿ ಹಿಟ್ಟಿಗೆ ಹಿಂಡಿ ಕಲಸಿ ಗೆಂಡೆಗೆ ಕಾಯುತ್ತಾರೆ; ಇನ್ನೊಬ್ಬರು ರಬ್ಬರ್ ಕಪ್ಪೆ ಕುಣಿಸಿ ಜೊಂಡಿನ ಸಂದಿಯ ಕೊರವನನ್ನು ಕೆಣಕುತ್ತಾರೆ. ಇವರಿಬ್ಬರೂ ಒಂದೇ ಏರಿಯ ಮೇಲೆ ಕೂತರೂ ಮಾತಾಡುವುದು ಕಡಿಮೆ. ಸಂಘ ಕಟ್ಟಿ ಒಟ್ಟಿಗೆ ಹೊರಟರೆ ಆಗುವ ಮೊದಲ ಲಾಭವೇ ಈ ಮಾತುಕತೆ. ಅಜ್ಜನಿಗೆ ಕೆರೆಯ ಹೂಳು, ತೂಬು, ಹಳೆಯ ಹಳ್ಳದ ಜಾಡು ಗೊತ್ತು. ಹುಡುಗರಿಗೆ ಫೋಟೊ ತೆಗೆಯಲು, ಲೆಕ್ಕ ಬರೆಯಲು ಗೊತ್ತು. ಎರಡೂ ಸೇರಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆ ಇದೆ.

ಕಾವೇರಿಯ ಮಹಶೀರ್ ಮೀನಿನ ಕಥೆ ಅದು. ಈ ನಾಡಿನಲ್ಲಿ ಗಾಳದ ಬರವಣಿಗೆ ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕೆ.ಜಿ. ದಾಟಿದ ಮಹಶೀರ್ ಹಿಡಿದರು. ಆ ದಾಖಲೆ ಇಂದಿಗೂ ಗಾಳಗಾರರ ಬಾಯಲ್ಲಿದೆ. ಆಮೇಲಿನ ವರ್ಷಗಳಲ್ಲಿ ಡೈನಮೈಟ್ ಹಾವಳಿಗೆ ಹೊಳೆ ಬರಿದಾಯಿತೆಂದೇ ಬಹಳ ಜನ ನಂಬಿದ್ದರು.

1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ, ಚಿಕ್ಕದಾಗಿ ‘ವಾಸಿ’, ಹುಟ್ಟಿತು. ಗಾಳದ ಹವ್ಯಾಸಿಗಳು ಹೊಳೆಯ ಒಂದು ಪಾಲನ್ನು ಗುತ್ತಿಗೆ ಹಿಡಿದು, ಕಾವಲಿಟ್ಟು, ಮೀನು ಉಳಿಸಲು ಹೊರಟರು. ಮುಂದೆ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ಹಿಡಿದ ಮಹಶೀರನ್ನು ತೂಗಿ, ಹೊಳೆಗೇ ಬಿಟ್ಟು, ಶಿಬಿರದ ಪುಸ್ತಕದಲ್ಲಿ ಬರೆದಿಡುವುದು ಅಲ್ಲಿನ ಪದ್ಧತಿಯಾಗಿತ್ತು. ಕೊಡಗಿನ ವಾಲ್ನೂರಿನ ಬಳಿಯೂ ಕೊಡಗು ವೈಲ್ಡ್‌ಲೈಫ್ ಸೊಸೈಟಿ ಹಿಡಿದು ಬಿಡುವ ಪದ್ಧತಿಯನ್ನೇ ಪಾಲಿಸಿಕೊಂಡು ಬಂದಿದೆ.

ಗಾಳಿಬೋರೆಯ ಆ ಪುಸ್ತಕವನ್ನು ಸಂಶೋಧಕರು ಬಿಡಿಸಿ ಕೂತರು. 1998ರಿಂದ 2012ರವರೆಗಿನ ಲೆಕ್ಕ: 23,620 ಗಂಟೆಗಳ ಗಾಳ, 6,161 ಮಹಶೀರ್. ಅತಿ ಚಿಕ್ಕದು ಅರ್ಧ ಕೆ.ಜಿ.ಗೂ ಕಡಿಮೆ, ಅತಿ ದೊಡ್ಡದು 46.8 ಕೆ.ಜಿ. 2015ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಾಳಗಾರರೇ ಬೆಚ್ಚುವ ಸಂಗತಿಯೊಂದು ಹೊರಬಿತ್ತು. ಸಿಕ್ಕಿದ್ದರಲ್ಲಿ ನೂರಕ್ಕೆ ತೊಂಬತ್ತೈದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಕೆಂಪು-ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ದೊಡ್ಡ ಮಹಶೀರ್ ಬರೀ ಐದು. ಅದೂ ವರ್ಷದಿಂದ ವರ್ಷಕ್ಕೆ ಸಂಖ್ಯೆಯಲ್ಲಿ ಇಳಿಯುತ್ತ, ಸಿಕ್ಕಿದವುಗಳ ಗಾತ್ರ ಮಾತ್ರ ಏರುತ್ತ ಹೋಗಿತ್ತು. ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗಿದವರಿಗೆ ಇದರ ಅರ್ಥ ಆಗ ಹೊಳೆದಿರಲಿಲ್ಲ. ಮಕ್ಕಳೇ ಹುಟ್ಟದೆ ಮುದುಕರಷ್ಟೇ ಉಳಿದ ಊರಿನಂತಾಗಿತ್ತು ಆ ಮೀನಿನ ಸ್ಥಿತಿ.

ಈ ಗೂನುಬೆನ್ನಿನ ಮೀನು ಯಾವುದೆಂದು ವಿಜ್ಞಾನ ಖಚಿತವಾಗಿ ಹೇಳಿದ್ದು 2018ರಲ್ಲಿ. ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಹೆಸರಿನ ‘ಟಾರ್ ರೆಮಾದೇವಿ’ ಎಂಬ ಪ್ರಭೇದ ಅದು. ಪ್ರಪಂಚದಲ್ಲಿ ಕಾವೇರಿ ಕಣಿವೆಯ ಕೆಲವೇ ಹರಿವುಗಳಲ್ಲಿ ಉಳಿದಿದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದಕ್ಕೀಗ ತೀವ್ರ ಅಪಾಯದ ಸ್ಥಾನ. ನೂರೈವತ್ತು ವರ್ಷ ಗಾಳಗಾರರು ಕೊಂಡಾಡಿದ ಮೀನಿಗೆ ಸರಿಯಾದ ಹೆಸರು ಸಿಗುವ ಹೊತ್ತಿಗೆ ಅದು ಮುಗಿಯುವ ಹಂತಕ್ಕೆ ಬಂದಿತ್ತು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಮಹಾರಾಷ್ಟ್ರದ ಲೋನಾವಳದಲ್ಲಿರುವ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ತಂದು ಕಾವೇರಿಗೆ ಬಿಡಲಾಗಿತ್ತು. ಬಿಟ್ಟವರ ಉದ್ದೇಶ ಒಳ್ಳೆಯದೇ: ಹೊಳೆಯಲ್ಲಿ ಮಹಶೀರ್ ಹೆಚ್ಚಲಿ ಎಂಬುದು. ಹೆಚ್ಚಿತು ಕೂಡ. ಆದರೆ ಹೊರಗಿನ ಬಂಧು ಒಳಗಿನದನ್ನು ಮೂಲೆಗೊತ್ತಿತೆಂಬುದು ಸಂಶೋಧಕರ ಬಲವಾದ ಶಂಕೆ. ಮರಳು ಗಣಿಗಾರಿಕೆ, ಅಣೆಕಟ್ಟೆ, ಡೈನಮೈಟ್‌ಗಳ ಪಾಲೂ ಇದರಲ್ಲಿದೆ. ಮೀನು ಬಿಟ್ಟವರು ಉಪಕಾರ ಮಾಡಿದೆವೆಂದುಕೊಂಡರು. ನಿಜವಾದ ಉಪಕಾರ ಮಾಡಿದ್ದು ದಿನವೂ ತೂಕ ಬರೆದಿಟ್ಟವರು.

2012ರಲ್ಲಿ ಈ ಶಿಬಿರಗಳಿದ್ದ ಅಭಯಾರಣ್ಯದೊಳಗಿನ ಗಾಳ ನಿಂತಿತು. ವನ್ಯಜೀವಿ ಕಾಯಿದೆಯ ಕಣ್ಣಿಗೆ ಹಿಡಿದು ಬಿಡುವುದೂ ಬೇಟೆಯೇ. ಕಾನೂನು ಕಾನೂನೇ, ಅದರ ವಿರುದ್ಧ ಈ ಅಧ್ಯಕ್ಷ ಪೀಠದ ತಕರಾರಿಲ್ಲ. ಗಾಳದ ಜೊತೆ ಲೆಕ್ಕವೂ ನಿಂತಿತೆಂಬುದನ್ನು ಮಾತ್ರ ಗಮನಿಸಬೇಕು.

ತೆಂಗಿನ ಸೀಮೆಯ ಕೆರೆಗಳಲ್ಲಿ ಮಹಶೀರ್ ಇಲ್ಲ. ಅಲ್ಲಿರುವುದು ಮೀನುಗಾರಿಕೆ ಇಲಾಖೆ, ಕೆರೆಯ ಗುತ್ತಿಗೆದಾರರು ಬಿತ್ತಿದ ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ. ತಾವಾಗಿ ಉಳಿದ ಕೊರವ, ಹಾವುಮೀನು, ಸಣ್ಣ ಪರಕೆ ಮೀನುಗಳು. ಇವೆಲ್ಲದರ ಮಧ್ಯೆ ಎಲ್ಲೆಲ್ಲೂ ಜಿಲೇಬಿ. ಈ ಜಿಲೇಬಿ, ಅಂದರೆ ತಿಲಾಪಿಯ, ಭಾರತಕ್ಕೆ ಬಂದದ್ದು 1952ರಲ್ಲಿ. ಬಡವರ ತಟ್ಟೆಗೆ ಅಗ್ಗದ ಮೀನಾಗಲಿ ಎಂದು ತಂದದ್ದು ಇಂದು ಯಾರೂ ಬಿತ್ತದೆಯೇ ಕೆರೆ ತುಂಬುತ್ತದೆ. ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೂ ಹೊಟ್ಟೆಬಾಕ. ಆದ್ದರಿಂದ ಸಂಘದ ಸೇವೆಯ ಪಟ್ಟಿಯಲ್ಲಿ ಮೀನುಮರಿ ಬಿಡುವ ಕಾರ್ಯಕ್ರಮ ಇರಕೂಡದು. ಫೋಟೊಗೆ ಅದು ಚೆನ್ನ, ಹೂಮಾಲೆಗೂ ಚೆನ್ನ. ಯಾವ ಮರಿ, ಎಷ್ಟು, ಎಲ್ಲಿ ಎಂಬುದು ಮೀನುಗಾರಿಕೆ ಇಲಾಖೆಗೂ ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೂ ಸೇರಿದ ತೀರ್ಮಾನ. ಮನೆಯ ಅಕ್ವೇರಿಯಂ ಮೀನನ್ನು ಕರುಣೆಯಿಂದ ಕೆರೆಗೆ ಸುರಿಯುವುದಕ್ಕೂ ಇದೇ ಮಾತು.

ಹಾಗಾದರೆ ಗಾಳಗಾರ ಮಾಡಬಹುದಾದ ಸೇವೆ ಯಾವುದು?

ಇಂಗ್ಲೆಂಡಿನ ಗಾಳಗಾರರು ಒಂದು ದಾರಿ ತೋರಿಸಿದ್ದಾರೆ. ಅಲ್ಲಿನ ಸ್ವಯಂಸೇವಕರು ತಿಂಗಳಿಗೊಮ್ಮೆ ಹೊಳೆಗಿಳಿದು, ಮೂರು ನಿಮಿಷ ಕಾಲಿನಿಂದ ತಳ ಕೆದಕಿ, ಬಲೆಗೆ ಬಂದ ನೀರುಹುಳುಗಳನ್ನು ಎಣಿಸುತ್ತಾರೆ. ಎಣಿಕೆ ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದರೆ ಪರಿಸರ ಇಲಾಖೆಗೆ ಸುದ್ದಿ. 2013ರ ಜುಲೈನಲ್ಲಿ ಕೆನೆಟ್ ಹೊಳೆಯಲ್ಲಿ ಹುಳುಗಳು ಇದ್ದಕ್ಕಿದ್ದಂತೆ ಇಲ್ಲವಾದುದನ್ನು ಕಂಡುಹಿಡಿದವರು ಇಂಥ ಸ್ವಯಂಸೇವಕರೇ. ಪರೀಕ್ಷಿಸಿದಾಗ ಸಿಕ್ಕ ವಿಷ ಕ್ಲೋರ್‌ಪೈರಿಫಾಸ್. ಗೆದ್ದಲಿಗೆಂದು ಈ ಕಡೆಯ ತೋಟಗಳಲ್ಲೂ ಪರಿಚಿತವಾದ ಔಷಧಿ ಅದು. ಹೊಳೆ ನೋಡಲು ಎಂದಿನಂತೆಯೇ ಇತ್ತು. ತಿಂಗಳ ತಿಂಗಳ ಲೆಕ್ಕ ಇಲ್ಲದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕೆರೆಗೆ ಹೊಂದುವ ಹಾಗೆ ಇದನ್ನು ಇನ್ನೂ ಸುಲಭ ಮಾಡಿಕೊಳ್ಳಬಹುದು. ಇಪ್ಪತ್ತು ಸೆಂಟಿಮೀಟರ್ ಅಗಲದ ಒಂದು ದುಂಡು ತಗಡು ತೆಗೆದುಕೊಂಡು, ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಉಳಿದವಕ್ಕೆ ಬಿಳಿ ಬಣ್ಣ ಬಳಿಯಬೇಕು. ನಡುವೆ ತೂತು ಕೊರೆದು, ಅಡಿಗೆ ಭಾರ ಕಟ್ಟಿ, ಅಳತೆಯ ಗಂಟು ಹಾಕಿದ ಹಗ್ಗದಲ್ಲಿ ತೂಬಿನ ಬಳಿ ನೆರಳಿನಲ್ಲಿ ಇಳಿಬಿಡಬೇಕು. ತಗಡು ಕಣ್ಣಿಗೆ ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ, ಎರಡರ ಸರಾಸರಿ ಬರೆದುಕೊಂಡರೆ ಮುಗಿಯಿತು. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಶುರುಮಾಡಿದ ಈ ಪರೀಕ್ಷೆಯನ್ನು ಇಂದಿಗೂ ಪ್ರಪಂಚದ ಅನೇಕ ಸರೋವರಗಳಲ್ಲಿ ಮಾಡುತ್ತಾರೆ. ನೀರು ಪಾಚಿಗಟ್ಟಿ ಒಂದು ಗೇಣು ಆಳವೂ ಕಾಣದಿದ್ದರೆ ಅಪಾಯ ಹತ್ತಿರವಿದೆ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ತಳ ಕಾಣುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬೆಳ್ಳಂಬೆಳಿಗ್ಗೆ ಅದನ್ನು ಮೊದಲು ಕಾಣುವವನು ಗಾಳಗಾರ. ಅವನು ಆ ಕ್ಷಣ ಗುತ್ತಿಗೆದಾರನಿಗೆ ಒಂದು ಫೋನ್ ಮಾಡಿದರೆ ಇಡೀ ಕೆರೆಯ ಫಸಲು ಉಳಿಯಬಹುದು.

ತೆಂಗಿನ ಸೀಮೆಗೇ ಸೇರಿದ ಇನ್ನೊಂದು ಕೆಲಸವಿದೆ. ನಾರಿನ ಘಟಕಗಳ ಪಕ್ಕದ ಪುಡಿಯ ರಾಶಿಗೆ ಮಳೆ ಬಿದ್ದರೆ ಕಂದು ಬಣ್ಣದ ಒಗರು ರಸ ಇಳಿಯುತ್ತದೆ. ಸಿಪ್ಪೆ ಕೊಳೆತ ನೀರಿನಲ್ಲಿ ಆಮ್ಲಜನಕ ಉಳಿಯುವುದಿಲ್ಲ. ಯಾವ ಹಳ್ಳದಿಂದ ಅಂಥ ನೀರು ಕೆರೆಗೆ ಬಂತು, ಯಾವ ತಾರೀಖು ಎಂದು ಫೋಟೊ ಸಮೇತ ಬರೆದಿಟ್ಟರೆ ಗ್ರಾಮ ಪಂಚಾಯಿತಿಯಲ್ಲಿ ಕೂತು ಮಾತಾಡಲು ಆಧಾರ ಸಿಗುತ್ತದೆ. ಘಟಕದವರೂ ತೋಟದವರೂ ಒಂದೇ ಊರಿನವರು. ಜಗಳಕ್ಕಿಂತ ಮೊದಲು ರಾಶಿಯ ಸುತ್ತ ಒಂದು ಬದು ಹಾಕಿಸಿದರೆ ಅರ್ಧ ಕೆಲಸ ಆದಂತೆ.

ಗಾಳಗಾರರು ತಮ್ಮ ಹಿತ್ತಿಲನ್ನೂ ನೋಡಿಕೊಳ್ಳಬೇಕು. ಕಡಿದು ಬಿಸಾಡಿದ ನೈಲಾನ್ ದಾರ ಕೊಕ್ಕರೆಯ ಕಾಲಿಗೆ, ಹೆಜ್ಜಾರ್ಲೆಯ ಕೊಕ್ಕಿಗೆ, ನೀರು ಕುಡಿಯಲು ಬಂದ ಎಮ್ಮೆಯ ಗೊರಸಿಗೆ ಸುತ್ತಿಕೊಳ್ಳುತ್ತದೆ. ಪ್ರತಿ ವಿಹಾರದ ಕೊನೆಗೆ ದಾರ, ಗಾಳ, ಕವರು, ಬಾಟಲಿಗಳನ್ನು ಒಂದು ಚೀಲಕ್ಕೆ ತುಂಬಿಕೊಂಡೇ ಏರಿ ಇಳಿಯಬೇಕು. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಬೇಕು. ಒಣ ಕೈ ಅದರ ಮೈಯ ಲೋಳೆ ಕಿತ್ತು ರೋಗಕ್ಕೆ ಬಾಗಿಲು ತೆಗೆಯುತ್ತದೆ. ಮುಳ್ಳು ಒತ್ತಿದ ಗಾಳವಾದರೆ ಬಿಡಿಸುವುದೂ ಬೇಗ.

ಹಕ್ಕಿನ ಮಾತೂ ಆಗಬೇಕು. ಕೆರೆಯ ಮೀನು ಯಾರಪ್ಪನದೂ ಅಲ್ಲ ಎನ್ನುವುದು ಏರಿಯ ಮೇಲಿನ ಮಾತು. ಕಾಗದದ ಮೇಲೆ ಅದು ಗುತ್ತಿಗೆಗೆ ಹಣ ಕಟ್ಟಿ ಮರಿ ಬಿತ್ತಿದವರದು. ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಕೈಯಲ್ಲಿ, ಚಿಕ್ಕವು ಪಂಚಾಯಿತಿಯ ಕೈಯಲ್ಲಿ. ಬೆಸ್ತರ ಮನೆಗಳ ಒಲೆ ಉರಿಯುವುದು ಆ ಫಸಲಿನಿಂದ. ಆದ್ದರಿಂದ ಅನುಮತಿ ಇಲ್ಲದೆ ಸಂಘದ ಹೆಸರಿನಲ್ಲಿ ಒಂದು ಗಾಳವೂ ನೀರಿಗೆ ಬೀಳಬಾರದು. ಕುಡಿಯುವ ನೀರಿನ ಕೆರೆಗಳಲ್ಲಿ ಸ್ಥಳೀಯ ಆಡಳಿತ ಬೇಡವೆಂದರೆ ಬೇಡವೇ. ಬದಲಿಗೆ ಗಾಳಗಾರರು ಗುತ್ತಿಗೆದಾರರಿಗೆ ಕಣ್ಣಾಗಬಹುದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯಿದೆಯಿಂದಲೂ ಅಪರಾಧ. ರಾತ್ರಿ ಹೊತ್ತು ಅಂಥವರ ಎದುರು ನಿಲ್ಲುವುದು ಬೇಡ. ಸದ್ದು ಕೇಳಿದ ಹೊತ್ತು, ಜಾಗ ಬರೆದುಕೊಂಡು ಪೊಲೀಸರಿಗೆ ತಿಳಿಸಿದರೆ ಸಾಕು.

ಈ ಸಭೆಯ ಮುಂದಿರುವ ಸೂಚನೆ ಇಷ್ಟು. ತಾಲ್ಲೂಕಿಗೊಂದು ಕೆರೆ ಆರಿಸಿಕೊಳ್ಳುವುದು. ಗುತ್ತಿಗೆದಾರರ ಒಪ್ಪಿಗೆ ಬರಹದಲ್ಲಿ ಪಡೆಯುವುದು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ವಿಹಾರ. ಹತ್ತು ಗಂಟೆಗೆ ಗಾಳ ಮೇಲೆ. ಶಾಲೆಯ ಹುಡುಗ ಹುಡುಗಿಯರು ಬಂದರೆ ಪ್ರತಿ ಇಬ್ಬರಿಗೆ ಈಜು ಬಲ್ಲ ಒಬ್ಬ ದೊಡ್ಡವರು. ಪುಸ್ತಕದಲ್ಲಿ ಏಳು ಅಂಕಣ: ತಾರೀಖು, ಕೆರೆ, ಎಷ್ಟು ಜನ, ಎಷ್ಟು ಗಂಟೆ, ಯಾವ ಮೀನು, ಉದ್ದ, ತಗಡಿನ ಆಳ. ಏನೂ ಸಿಗದ ದಿನವನ್ನು ಬರೆಯಲು ನಾಚಿಕೆ ಬೇಡ. ಗಾಳಿಬೋರೆಯ ಲೆಕ್ಕಕ್ಕೆ ಬೆಲೆ ಬಂದದ್ದೇ ಗಂಟೆಗಳನ್ನೂ ಬರೆದಿದ್ದರಿಂದ. ಬರಿಗೈಯ ಗಂಟೆ ಸೇರದಿದ್ದರೆ ಮೀನು ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂದು ಹೇಳುವುದು ಹೇಗೆ? ವರ್ಷಕ್ಕೊಮ್ಮೆ ಆ ಪುಸ್ತಕದ ಪ್ರತಿ ಇಲಾಖೆಗೂ ಸಹಕಾರ ಸಂಘಕ್ಕೂ ಹೋಗಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಈ ಸೂಚನೆಗಳನ್ನು ಒಂದೊಂದಾಗಿ ಚರ್ಚೆಗೆ ತೆಗೆದುಕೊಳ್ಳಲಾಗುವುದು. ಕೆರೆಗಳ ಆಯ್ಕೆಗೆ ಸಹಕಾರ ಸಂಘದವರ ಮಾತನ್ನೇ ಮೊದಲು ಕೇಳಬೇಕೆಂದು ಪೀಠದ ವಿನಂತಿ.