ಅಕ್ಷರ ಹೇಳಿ ಕಾದ ಗೆಳೆಯ



ಮಾರಿಸ್ ಸ್ಟೋಕ್ಸ್ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಎಂಬ ಸಣ್ಣ ಕಾಲೇಜಿನಿಂದ 1955ರಲ್ಲಿ ನೇರವಾಗಿ ರಾಚೆಸ್ಟರ್ ರಾಯಲ್ಸ್ ತಂಡಕ್ಕೆ ಬಂದರು. ಮೊದಲ ಋತುವಿನಲ್ಲೇ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡರು. ಭಾರಿ ಆಳು, ಆದರೂ ಚೆಂಡು ಸಾಗಿಸುವ ಕೈಚಳಕ ಅಪರೂಪದ್ದು.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್‌ನಲ್ಲಿ ಆಡುವಾಗ ಬಿದ್ದು ತಲೆಗೆ ಪೆಟ್ಟಾಯಿತು, ಪ್ರಜ್ಞೆ ತಪ್ಪಿತು. ಎಚ್ಚರವಾದ ಮೇಲೆ ಮತ್ತೆ ಆಟಕ್ಕಿಳಿಸಿದರು! ನೆನೆದರೆ ಈಗಲೂ ಸಂಕಟವಾಗುತ್ತದೆ. ಮೂರು ದಿನ ಕಳೆದು ವಿಮಾನದಲ್ಲಿ ಕುಸಿದವರು ಕೋಮಾಕ್ಕೆ ಜಾರಿದರು. ಎಚ್ಚೆತ್ತಾಗ ಮೈಯೆಲ್ಲ ಲಕ್ವ, ಮಾತೂ ಇಲ್ಲ. ಆಗ ಅವರಿಗೆ 24 ವರ್ಷ.

ಆಸ್ಪತ್ರೆಯ ಖರ್ಚಿಗೆ ದಾರಿಯೇ ಇರಲಿಲ್ಲ. ತಂಡದ ಜೊತೆಗಾರ ಜ್ಯಾಕ್ ಟ್ವೈಮನ್ ಮುಂದೆ ಬಂದು ಅವರ ಕಾನೂನುಬದ್ಧ ಪೋಷಕರಾದರು. ಸ್ಟೋಕ್ಸ್ ಕಪ್ಪು ವರ್ಣೀಯರು, ಟ್ವೈಮನ್ ಬಿಳಿಯರು. ಅದು 1958ರ ಅಮೆರಿಕ ಎಂಬುದನ್ನು ಮರೆಯಬಾರದು. ಟ್ವೈಮನ್‌ಗಾದರೂ ಎಷ್ಟು ವಯಸ್ಸು? 23. ಹಾಸಿಗೆಯ ಪಕ್ಕ ಕೂತು ಅವರು ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತಿದ್ದರು; ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ರೆಪ್ಪೆ ಮಿಟುಕಿಸುತ್ತಿದ್ದರು. ಹಾಗೆ ಒಂದು ಪದ, ಆಮೇಲೊಂದು ವಾಕ್ಯ. ಹಣ ಕೂಡಿಸಲು ಬೇಸಿಗೆಯಲ್ಲಿ ಸಹಾಯಾರ್ಥ ಪಂದ್ಯ ಏರ್ಪಡಿಸಿದರು. ಹೆಸರಾಂತ ಆಟಗಾರರು ಬಂದು ಆಡಿಕೊಟ್ಟರು. ಇದರ ನಡುವೆಯೇ 1959-60ರಲ್ಲಿ ಟ್ವೈಮನ್ ಪಂದ್ಯಕ್ಕೆ ಸರಾಸರಿ 31.2 ಅಂಕ ಗಳಿಸಿದರು.

ಸ್ಟೋಕ್ಸ್ 1970ರ ಏಪ್ರಿಲ್ 6ರಂದು ತೀರಿಕೊಂಡರು. ಹನ್ನೆರಡು ವರ್ಷ ಟ್ವೈಮನ್ ಹೊಣೆ ಬಿಟ್ಟಿರಲಿಲ್ಲ. 2004ರಲ್ಲಿ ಸ್ಟೋಕ್ಸ್ ಹೆಸರು ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿತು. ಗೆಳೆಯನ ಪರವಾಗಿ ಆ ಗೌರವ ಸ್ವೀಕರಿಸಿದವರು ಟ್ವೈಮನ್.